ಹೆಸರು ಪರಿಚಯದ್ದು, ಪತ್ರ ಯಾರದ್ದು? ಉಚಿತ ಜೀಮೇಲ್‌ನ ಕಾವಲು ಎಲ್ಲಿಯವರೆಗೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಇರಲಿ, ವಿಜಯಪುರದ ಒಣದ್ರಾಕ್ಷಿ ವ್ಯಾಪಾರ ಇರಲಿ, ಇಳಕಲ್ಲಿನ ಸೀರೆ ಅಂಗಡಿ ಇರಲಿ, ಸಣ್ಣ ವ್ಯವಹಾರಕ್ಕೆ ಮೊದಲು ಕೈಗೆ ಸಿಗುವುದು ಉಚಿತ ಜೀಮೇಲ್. ಹಳೆಯ ಪಾರ್ಟಿಯ ಹೆಸರಿನಲ್ಲೇ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ಲಿನ ಹಣ ಹೊಸ ಖಾತೆಗೆ ಹಾಕಿ’ ಎಂಬ ಪತ್ರ ಬಂದರೆ ಈ ಸೇವೆ ಎಷ್ಟು ಕಾಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನಷ್ಟೇ ಇಲ್ಲಿ ತೂಗಿದ್ದೇವೆ.

ಇಮೇಲ್ ಸಾಗಿಸುವ ಎಸ್‌ಎಂಟಿಪಿ ಪದ್ಧತಿ 1982ರದ್ದು. ಅದರಲ್ಲಿ ಲಕೋಟೆಯ ಮೇಲಿನ ವಿಳಾಸ ಒಂದು, ಒಳಗಿನ ಕಾಗದದ ತಲೆಗೆ ಬರೆದ ‘ಫ್ರಮ್’ ಇನ್ನೊಂದು. ನಮ್ಮ ಕಣ್ಣಿಗೆ ಬೀಳುವುದು ಒಳಗಿನದು, ಅಲ್ಲಿ ಯಾರ ಹೆಸರನ್ನಾದರೂ ಬರೆಯಬಹುದು. ಈ ತೂತು ಮುಚ್ಚಲು ಮೂರು ಪರೀಕ್ಷೆಗಳು ಬಂದವು. ಈ ಡೊಮೇನ್ (ವಿಳಾಸದಲ್ಲಿ @ ಗುರುತಿನ ನಂತರದ ಭಾಗ) ಪರವಾಗಿ ಯಾವ ಸರ್ವರ್ ಪತ್ರ ಕಳಿಸಬಹುದು ಎಂದು ಎಸ್‌ಪಿಎಫ್ ನೋಡುತ್ತದೆ. ಪತ್ರದ ಮೇಲಿನ ಡಿಜಿಟಲ್ ಸಹಿ ಸರಿ ಇದೆಯೇ ಎಂದು ಡಿಕಿಮ್ ನೋಡುತ್ತದೆ. ಇವೆರಡರಲ್ಲಿ ಒಂದಾದರೂ ಪಾಸಾಗಿ, ‘ಫ್ರಮ್’ನ ಡೊಮೇನಿಗೆ ತಾಳೆಯಾಗಬೇಕು ಎನ್ನುವುದು ಡಿಮಾರ್ಕ್.

ಜೀಮೇಲ್ ಈ ಮೂರನ್ನೂ ನೋಡುತ್ತದೆ, ಫಲಿತಾಂಶವನ್ನೂ ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಪತ್ರ ತೆರೆದು, ಬಲಬದಿಯ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆರಿಸಿ. ಮೇಲ್ಗಡೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರರ ಮುಂದೆಯೂ ಪಾಸ್ ಅಥವಾ ಫೇಲ್ ಎಂದಿರುತ್ತದೆ. ಎಸ್‌ಪಿಎಫ್ ಮಾತ್ರ ಫೇಲಾಗಿದ್ದರೆ ಗಾಬರಿ ಬೇಡ, ಬೇರೆ ಖಾತೆಯಿಂದ ಫಾರ್ವರ್ಡ್ ಆದ ಪತ್ರದಲ್ಲಿ ಹಾಗಾಗುವುದು ಸಾಮಾನ್ಯ. ಡಿಮಾರ್ಕ್ ಫೇಲ್ ಎಂದಿದ್ದರೆ ಹಣದ ಮಾತು ಅಲ್ಲೇ ನಿಲ್ಲಿಸಿ. 2024ರ ಫೆಬ್ರವರಿಯಿಂದ, ಜೀಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿತು. ಇದು ನಿಜಕ್ಕೂ ಒಳ್ಳೆಯ ಕೆಲಸ.

ಆದರೆ ‘ಪಾಸ್’ ಎಂದರೇನು ಎಂಬಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಅದು ಡೊಮೇನ್ ನಿಜ ಎನ್ನುತ್ತದೆ, ಮನುಷ್ಯ ನಿಜ ಎನ್ನುವುದಿಲ್ಲ. ನಿಮ್ಮ ಪಾರ್ಟಿಯ ವಿಳಾಸವೂ ಜೀಮೇಲ್ ಎಂದಿಟ್ಟುಕೊಳ್ಳಿ. ಮೋಸಗಾರ ಒಂದೇ ಅಕ್ಷರ ಬದಲಿಸಿ ಹೊಸ ಜೀಮೇಲ್ ತೆರೆದು, ಪಾರ್ಟಿಯ ಹೆಸರನ್ನೇ ಹಾಕಿಕೊಂಡರೆ ಮೂರೂ ಪರೀಕ್ಷೆ ಪಾಸ್! ಚುಕ್ಕಿ ಸೇರಿಸಿ ಮೋಸ ಮಾಡಲು ಬರುವುದಿಲ್ಲ, ಏಕೆಂದರೆ ಜೀಮೇಲ್ ವಿಳಾಸದಲ್ಲಿ ಚುಕ್ಕಿಗೆ ಬೆಲೆಯಿಲ್ಲ. ಆದ್ದರಿಂದ ಅಕ್ಷರ ಮತ್ತು ಅಂಕಿಗಳನ್ನೇ ಹಳೆಯ ಪತ್ರದ ಜೊತೆ ಒಂದೊಂದಾಗಿ ಹೋಲಿಸಿ. ಪಾರ್ಟಿಯ ಖಾತೆಯೇ ಕಳ್ಳರ ಕೈ ಸೇರಿದ್ದರೆ ವಿಳಾಸವೂ ಸರಿಯಾಗೇ ಇರುತ್ತದೆ. ಆಗ ಮೊದಲಿನಿಂದ ನಿಮ್ಮಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳುವುದೊಂದೇ ದಾರಿ. ಪತ್ರದ ಕೆಳಗೆ ಕೊಟ್ಟ ನಂಬರಿಗೆ ಮಾಡಬೇಡಿ.

ಮೊಬೈಲ್ ಆ್ಯಪ್‌ಗೆ ನಾವು ಕಡಿಮೆ ಅಂಕ ಕೊಡುತ್ತೇವೆ. ಅಲ್ಲಿ ಮೊದಲು ಕಾಣುವುದು ಹೆಸರಷ್ಟೇ, ವಿಳಾಸ ಮರೆಯಲ್ಲಿರುತ್ತದೆ. ಹೆಸರಿನ ಕೆಳಗಿನ ‘ಟು ಮಿ’ ಒತ್ತಿದರೆ ವಿಳಾಸ ಬಿಚ್ಚಿಕೊಳ್ಳುತ್ತದೆ. ‘ಶೋ ಒರಿಜಿನಲ್’ ಆ್ಯಪ್‌ನಲ್ಲಿ ಇಲ್ಲವೇ ಇಲ್ಲ. ಮಾರುಕಟ್ಟೆಯಲ್ಲಿ ನಿಂತು ಫೋನಿನಲ್ಲೇ ಪೇಮೆಂಟ್ ಮುಗಿಸುವವರಿಗೆ ಇದು ದೊಡ್ಡ ಕೊರತೆ. ಉತ್ತರಿಸಲು ‘ರಿಪ್ಲೈ’ ಒತ್ತಿದಾಗ ‘ಟು’ ಜಾಗದಲ್ಲಿ ಯಾವ ವಿಳಾಸ ಬಂತು ಎಂದೂ ನೋಡಿ. ನಕಲಿ ಪತ್ರದ ‘ರಿಪ್ಲೈ ಟು’ ಬೇರೆ ಕಡೆಗೆ ತಿರುಗಿರುವುದುಂಟು.

ಒಂದು ಸೌಲಭ್ಯ ತಿರುಗುಬಾಣವಾಗಬಹುದು. ಪಾರ್ಟಿಯ ಪತ್ರ ಸ್ಪ್ಯಾಮಿಗೆ ಹೋಗದಿರಲಿ ಎಂದು ಅವರ ವಿಳಾಸಕ್ಕೆ ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ ಫಿಲ್ಟರ್ ಹಾಕಿರುತ್ತೀರಿ. ಅದೇ ವಿಳಾಸ ನಕಲು ಮಾಡಿ ಬಂದ ಪತ್ರಕ್ಕೂ ಆ ಫಿಲ್ಟರ್ ಬಾಗಿಲು ತೆರೆದುಬಿಡಬಹುದು, ತೆಗೆದುಹಾಕಿ. ಹಾಗೆಯೇ ಹೀಗೆ ನಕಲಾದ ಪಾರ್ಟಿಯ ವಿಳಾಸವನ್ನು ಬ್ಲಾಕ್ ಮಾಡಿದರೆ ಸ್ಪ್ಯಾಮಿಗೆ ಹೋಗುವುದು ನಿಜವಾದ ಪಾರ್ಟಿಯ ಪತ್ರಗಳು. ಬ್ಲಾಕ್ ಬದಲು ‘ರಿಪೋರ್ಟ್ ಫಿಶಿಂಗ್’ ಬಳಸಿ.

ನಿಮ್ಮ ಹೆಸರಿನಲ್ಲೇ ಬೇರೆಯವರಿಗೆ ನಕಲಿ ಪತ್ರ ಹೋಗುತ್ತಿದ್ದರೆ? ಉಚಿತ ಖಾತೆಯಲ್ಲಿ ನೀವು ಮಾಡಬಹುದಾದದ್ದು ಕಡಿಮೆ. ಸ್ವಂತ ಡೊಮೇನ್ ಕೊಂಡು ಗೂಗಲ್ ವರ್ಕ್‌ಸ್ಪೇಸ್ ಅಥವಾ ಜೊಹೊ ಮೇಲ್‌ಗೆ ಜೋಡಿಸಿದರೆ ಬೀಗದ ಕೈ ನಿಮ್ಮದಾಗುತ್ತದೆ. ಡಿಎನ್‌ಎಸ್‌ನಲ್ಲಿ (ಡೊಮೇನಿನ ವಿವರಗಳನ್ನು ಬರೆದಿಡುವ ಸಾರ್ವಜನಿಕ ದಾಖಲೆ ವ್ಯವಸ್ಥೆ) ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಎರಡಾದರೆ ಪರೀಕ್ಷೆಯೇ ಕೆಡುತ್ತದೆ, ಒಳಗಿನ ಡಿಎನ್‌ಎಸ್ ಹುಡುಕಾಟ 10 ದಾಟಿದರೂ ಅದೇ ಗತಿ. ಡಿಕಿಮ್ ಕೀ 2048 ಬಿಟ್‌ನದ್ದಿರಲಿ. ಅದು ಉದ್ದವಾದ್ದರಿಂದ 255 ಅಕ್ಷರದ ತುಂಡುಗಳಾಗಿ ಸೇರಿಸಬೇಕಾಗಬಹುದು. ಡಿಮಾರ್ಕ್ ಅನ್ನು ಮೊದಲು ‘ನನ್’ (none, ಬರೀ ಗಮನಿಸು) ನಲ್ಲಿಟ್ಟು ಕೆಲವು ವಾರ ವರದಿ ಓದಿ, ಆಮೇಲೆ ‘ಕ್ವಾರಂಟೈನ್’ (ಫೇಲಾದದ್ದನ್ನು ಸ್ಪ್ಯಾಮಿಗೆ ಹಾಕು), ಕೊನೆಗೆ ‘ರಿಜೆಕ್ಟ್’ (ಸ್ವೀಕರಿಸಬೇಡ). ಅವಸರದಲ್ಲಿ ನೇರ ‘ರಿಜೆಕ್ಟ್’ಗೆ ಹಾರಿದರೆ ನಿಮ್ಮದೇ ಬಿಲ್ಲಿಂಗ್ ಸಾಫ್ಟ್‌ವೇರ್ ಕಳಿಸುವ ಬಿಲ್ಲುಗಳು ಗಿರಾಕಿಗೆ ಮುಟ್ಟದೆ ಹೋಗಬಹುದು, ಏಕೆಂದರೆ ಅದರ ಸರ್ವರ್ ನಿಮ್ಮ ಎಸ್‌ಪಿಎಫ್‌ನಲ್ಲಿ ಇರುವುದಿಲ್ಲ. ನೀವು ಕಳಿಸದ ಪತ್ರಗಳು ‘ತಲುಪಲಿಲ್ಲ’ ಎಂದು ರಾಶಿಯಾಗಿ ವಾಪಸು ಬಂದರೆ ‘ಸೆಂಟ್’ ನೋಡಿ, ಕಂಪ್ಯೂಟರಿನಲ್ಲಿ ಇನ್‌ಬಾಕ್ಸ್‌ನ ಕೆಳಗೆ ಬಲಮೂಲೆಯ ‘ಡೀಟೇಲ್ಸ್’ ಒತ್ತಿ ಯಾರು ಲಾಗಿನ್ ಆಗಿದ್ದಾರೆ ನೋಡಿ. ಎರಡೂ ಸ್ವಚ್ಛವಿದ್ದರೆ ಬಹುಮಟ್ಟಿಗೆ ವಿಳಾಸ ಮಾತ್ರ ನಕಲಾಗಿದೆ.

ಹಣ ಹೋಗಿಯೇ ಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಸಿಟ್ಟಿನಲ್ಲಿ ಆ ಪತ್ರ ಅಳಿಸಬೇಡಿ. ಸ್ಪ್ಯಾಮಿನಲ್ಲಿದ್ದರೆ 30 ದಿನಕ್ಕೆ ತಾನಾಗಿ ಅಳಿದುಹೋಗುತ್ತದೆ. ಹೋಗುವ ಮೊದಲು ‘ಶೋ ಒರಿಜಿನಲ್’ ಪುಟದಲ್ಲಿರುವ ‘ಡೌನ್‌ಲೋಡ್ ಒರಿಜಿನಲ್’ ಒತ್ತಿ ಕಡತ ತೆಗೆದಿಡಿ. ಪತ್ರ ಬಂದ ಹಾದಿಯ ಹೆಡರ್‌ಗಳು ಇರುವುದು ಆ ಕಡತದಲ್ಲಿ, ಸ್ಕ್ರೀನ್‌ಶಾಟ್‌ನಲ್ಲಿ ಅವು ಬರುವುದಿಲ್ಲ.