ವಿಮಾನದಿಂದ ಹಾರಿಸುವ ಹೊಸ ಅಸ್ತ್ರ: ಪೂರ್ಣ ಗುತ್ತಿಗೆಯೋ, ಮುಕ್ತ ವಿನ್ಯಾಸವೋ?

ವಾಯುಪಡೆ ಹೊಸ ಅಸ್ತ್ರ ಮಾಡಿಸುವಾಗ ಒಂದೇ ಕಂಪನಿಗೆ ಪೂರ್ಣ ಗುತ್ತಿಗೆ ಕೊಟ್ಟರೆ ಹೊಣೆ ಒಬ್ಬರದೇ. ಶೋಧಕ (ಗುರಿ ಹುಡುಕುವ ಭಾಗ), ಮೋಟಾರು, ಸಿಡಿತಲೆ ಒಂದಕ್ಕೊಂದು ಹೊಂದದಿದ್ದರೆ ಯಾರನ್ನು ಕೇಳಬೇಕೆಂಬ ಗೊಂದಲವಿಲ್ಲ. ಆದರೆ ತಾಂತ್ರಿಕ ದತ್ತಾಂಶದ (ವಿನ್ಯಾಸದ ನಕ್ಷೆ, ವಿವರಗಳ) ಹಕ್ಕನ್ನು ಪೈಪೋಟಿ ಇರುವಾಗಲೇ ಬೆಲೆ ಕಟ್ಟಿ ಬರೆಸಿಕೊಳ್ಳಬೇಕು. ಬಿಟ್ಟರೆ ಮುಂದೆ ಶೋಧಕ ಬದಲಿಸಲು ಕಂಪನಿ ಹೇಳಿದ್ದೇ ದರ.

ಮುಕ್ತ ವಿನ್ಯಾಸದಲ್ಲಿ ಘಟಕಗಳು ಕೂಡುವ ಮಾನದಂಡ ಸರ್ಕಾರದ್ದು, ಘಟಕಗಳು ಹಲವರವು. ಅಮೆರಿಕದ ಜೆಡ್ಯಾಮ್ ಇದರ ಹತ್ತಿರದ ಉದಾಹರಣೆ: ಹಳೆಯ ಬಾಂಬಿಗೇ ಜಿಪಿಎಸ್ ಮಾರ್ಗದರ್ಶನದ ಬಾಲದ ಕಿಟ್. ಮುಕ್ತ ವಿನ್ಯಾಸದಲ್ಲಿ ಜೋಡಣೆಯ ಅಪಾಯ ವಾಯುಪಡೆಯ ತಲೆಗೇ ಬರುತ್ತದೆ. ಸ್ವಂತ ಎಂಜಿನಿಯರುಗಳಿಲ್ಲದವರು ಇದಕ್ಕೆ ಕೈಹಾಕದಿರುವುದೇ ಲೇಸು.

ಎರಡರಲ್ಲೂ ಹೆಚ್ಚು ಕಾಲ ನುಂಗುವುದು ವಿಮಾನಕ್ಕೆ ಅಳವಡಿಸುವ ಕೆಲಸ. ಮಿಲ್-ಎಸ್‌ಟಿಡಿ-1760 ಎಂಬ, ಅಸ್ತ್ರವನ್ನು ವಿಮಾನಕ್ಕೆ ಜೋಡಿಸುವ ಅಮೆರಿಕದ ಸೇನಾ ಮಾನದಂಡ ಕನೆಕ್ಟರು, ವಿದ್ಯುತ್ತು, ಸಂಕೇತಗಳನ್ನಷ್ಟೇ ಇತ್ಯರ್ಥ ಮಾಡುತ್ತದೆ. ಕಳಚಿಕೊಂಡ ಅಸ್ತ್ರ ರೆಕ್ಕೆಗೆ ಬಡಿಯದೇ, ರೆಕ್ಕೆಯ ಕಂಪನ ಮಿತಿ ಮೀರದೇ, ರೇಡಾರಿನ ಅಲೆಗಳು ಫ್ಯೂಜನ್ನು (ಸಿಡಿತಲೆಯನ್ನು ಸಿಡಿಸುವ ಸಾಧನವನ್ನು) ಕೆಣಕದೇ ಇರುತ್ತವೆಯೇ ಎಂಬುದನ್ನು ಪ್ರತಿ ಮಾದರಿಯ ವಿಮಾನದಲ್ಲೂ ಬೇರೆಯಾಗಿ ಪರೀಕ್ಷಿಸಬೇಕು. ವಿಮಾನದ ತಂತ್ರಾಂಶದ ಮುಂದಿನ ಆವೃತ್ತಿಗೆ ಕಾಯುವುದು ಇನ್ನೊಂದು ವಿಳಂಬ. ಅದನ್ನು ತಗ್ಗಿಸಲೆಂದೇ ಅಮೆರಿಕದಲ್ಲಿ ಯುಎಐ ಎಂಬ, ವಿಮಾನಕ್ಕೂ ಅಸ್ತ್ರಕ್ಕೂ ನಡುವಣ ಸಾಮಾನ್ಯ ಸಂಪರ್ಕ ವ್ಯವಸ್ಥೆ ಬಂತು.

ಒಂದೇ ವಿಮಾನ, ತುರ್ತು ಅಗತ್ಯ: ಪೂರ್ಣ ಗುತ್ತಿಗೆ. ಹಲವು ವಿಮಾನ, ದಶಕಗಳ ಬಳಕೆ: ಮುಕ್ತ ವಿನ್ಯಾಸ. ಘನ ಇಂಧನದ ಮೋಟಾರು ತಯಾರಕರು ಬೆರಳೆಣಿಕೆಯಷ್ಟೇ ಇರುವುದರಿಂದ ಎರಡನೇ ಪೂರೈಕೆದಾರರನ್ನು ವಿನ್ಯಾಸದ ಹಂತದಲ್ಲೇ ಹುಡುಕಿ.