ಪಾಟ್ ರೋಸ್ಟ್‌ಗೆ ಮೂರು ಪಾತ್ರೆಗಳು: ಸ್ಲೋ ಕುಕ್ಕರ್ ಕೊಂಡ ಮೇಲೂ ಓವನ್‌ಗೆ ಮರಳಿದ್ದೇಕೆ

ಮೊದಲೇ ಹೇಳಿಬಿಡುತ್ತೇನೆ: ಪಾಟ್ ರೋಸ್ಟ್‌ಗೆ, ಅಂದರೆ ಮಾಂಸದ ಇಡೀ ತುಂಡನ್ನು ಹುರಿದು ಸ್ವಲ್ಪ ಸಾರಿನಲ್ಲಿ ಮುಚ್ಚಿಟ್ಟು ಮೆತ್ತಗೆ ಬೇಯಿಸುವ ಅಡುಗೆಗೆ, ನನ್ನ ಒಲವು ಓವನ್‌ನೊಳಗೆ ಇಡುವ, ಎನಾಮಲ್ ಲೇಪನದ ಭಾರದ ಎರಕದ ಕಬ್ಬಿಣದ ಪಾತ್ರೆಯ ಕಡೆಗೇ. ಆದರೂ ಈ ಚಳಿಗಾಲ ಶುರುವಾಗುವ ಹೊತ್ತಿಗೆ ಆಸೆಪಟ್ಟು ಒಂದು ವಿದ್ಯುತ್ ಸ್ಲೋ ಕುಕ್ಕರ್ ಕೊಂಡೆ. ಬೆಳಿಗ್ಗೆ ಮಾಂಸ ಹಾಕಿ ಹೊರಟರೆ ಸಂಜೆಗೆ ಊಟ ಸಿದ್ಧ ಎಂಬ ಮಾತು ನನ್ನನ್ನು ಸೆಳೆದಿತ್ತು. ಅದರಲ್ಲಿ, ಪ್ರೆಶರ್ ಕುಕ್ಕರ್‌ನಲ್ಲಿ, ಹಳೆಯ ಕಬ್ಬಿಣದ ಪಾತ್ರೆಯಲ್ಲಿ ಸರದಿಯಂತೆ ಎರಡು ತಿಂಗಳು ಬೇಯಿಸಿ ನೋಡಿದೆ.

ಪ್ರತಿ ಸಲವೂ ದನದ ಭುಜದ ಭಾಗದ ಸುಮಾರು 1.5 ಕಿಲೋ ತೂಕದ ಇಡೀ ತುಂಡು. ಹಿಂದಿನ ರಾತ್ರಿಯೇ ಉಪ್ಪು ಸವರಿಟ್ಟು, ಬೆಳಿಗ್ಗೆ ಮೇಲ್ಮೈಯ ಪಸೆಯನ್ನು ಒರೆಸಿ, ಎಲ್ಲ ಬದಿಗಳೂ ಗಾಢ ಕಂದು ಬಣ್ಣಕ್ಕೆ ಬರುವವರೆಗೆ ಬಿಸಿ ಎಣ್ಣೆಯಲ್ಲಿ ಹುರಿಯುತ್ತಿದ್ದೆ. ಒಮ್ಮೆ ಮಾತ್ರ ಕೊಬ್ಬಿಲ್ಲದ ತೊಡೆಯ ಭಾಗ ತಂದೆ. ಅದನ್ನು ಯಾವ ಪಾತ್ರೆಯೂ ಉಳಿಸಲಾರದು.

ಸ್ಲೋ ಕುಕ್ಕರ್‌ನಲ್ಲಿ ಬೆಂದ ಮಾಂಸದ ಬಗ್ಗೆ ನನ್ನ ದೂರಿಲ್ಲ. ಕಡಿಮೆ ಶಾಖದಲ್ಲಿ 9 ಗಂಟೆ ಬೆಂದ ತುಂಡು ಫೋರ್ಕ್ ತಾಗಿದರೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ತಕರಾರೆಲ್ಲ ಗ್ರೇವಿಯದು. ಮೊದಲ ದಿನ ಅಭ್ಯಾಸದಂತೆ ಎರಡು ಕಪ್ ಮೂಳೆ ಸಾರು ಹಾಕಿದ್ದೆ. ಸಂಜೆ ಮುಚ್ಚಳ ತೆಗೆದರೆ ಮಾಂಸ ಪೂರ್ತಿ ಮುಳುಗಿತ್ತು. ಸುತ್ತಲೂ ತಿಳಿ ಕಂದು ಬಣ್ಣದ ನೀರು. ಮಾಂಸ ಬೇಯುತ್ತಾ ತನ್ನ ತೂಕದ ಕಾಲುಭಾಗಕ್ಕೂ ಹೆಚ್ಚು ರಸ ಬಿಡುತ್ತದೆ. ಈ ಪಾತ್ರೆಯಲ್ಲಿ ಆವಿ ಹೊರಗೆ ಹೋಗುವುದಿಲ್ಲ, ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ.

ಎರಡನೆಯ ಸಲ ಅರ್ಧ ಕಪ್ ಸಾರಷ್ಟೇ ಹಾಕಿದೆ. ಸುಧಾರಿಸಿತು, ಆದರೂ ತಟ್ಟೆಯಲ್ಲಿ ಹರಿದು ಆಲೂಗಡ್ಡೆಯ ಅಡಿಗೆ ಸೇರುವಷ್ಟು ತೆಳು. ಮೂರನೆಯ ಸಲ ಆವಿ ಹೋಗಲೆಂದು ಮುಚ್ಚಳವನ್ನು ಓರೆಯಾಗಿಟ್ಟೆ. ಶಾಖವೂ ಅದರ ಜೊತೆಗೇ ಹೋಯಿತು, ಊಟದ ಹೊತ್ತಿಗೆ ಮಾಂಸ ಇನ್ನೂ ಬಿಗಿಯಾಗಿತ್ತು. ನಾಲ್ಕನೆಯ ಸಲ ತುಂಡಿಗೆ ಮೈದಾ ಸವರಿ ಹುರಿದೆ. ಗ್ರೇವಿ ದಪ್ಪವೇನೋ ಆಯಿತು, ರುಚಿ ಮಾತ್ರ ನೀರಾಗಿಯೇ ಉಳಿಯಿತು.

ಕೊನೆಗೆ ಫಲ ಕೊಟ್ಟದ್ದು ಒಂದೇ ಉಪಾಯ: ರಸವನ್ನೆಲ್ಲ ಅಗಲವಾದ ಬಾಣಲೆಗೆ ಸೋಸಿ, ಮೇಲಿನ ಕೊಬ್ಬನ್ನು ತೆಗೆದು, 25 ನಿಮಿಷ ಜೋರಾಗಿ ಕುದಿಸಿ ಇಂಗಿಸುವುದು. ಆದರೆ ಮನೆಯವರೆಲ್ಲ ಹಸಿದು ಕುಳಿತಿರುವಾಗ ನಾನು ಒಲೆಯ ಮುಂದೆ ನಿಂತು ರಸ ಇಂಗಿಸಬೇಕು ಎಂದರೆ, ಈ ಯಂತ್ರ ಕೊಟ್ಟ ಮಾತು ಎಲ್ಲಿ ಉಳಿಯಿತು? ಕ್ಯಾರೆಟ್ ಬೇರೆ, ಮಾಂಸದ ಅಡಿಯಲ್ಲಿ ಹರಡದಿದ್ದರೆ ನಡುವೆ ಗಟ್ಟಿಯಾಗಿ ಉಳಿಯುತ್ತದೆ.

ಪ್ರೆಶರ್ ಕುಕ್ಕರ್ ಬಗ್ಗೆ ನನ್ನ ಗೌರವ ಹೆಚ್ಚಾಯಿತು. ಒಳಗಿನ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದರಿಂದ 70 ನಿಮಿಷದಲ್ಲಿ ಇಡೀ ತುಂಡು ಮೆತ್ತಗಾಗುತ್ತದೆ. ಹುರಿಯುವುದು, ಬೇಯಿಸುವುದು, ಮುಚ್ಚಳ ತೆಗೆದು ರಸ ಇಂಗಿಸುವುದು ಎಲ್ಲವೂ ಒಂದೇ ಪಾತ್ರೆಯಲ್ಲಿ ನಡೆಯುತ್ತದೆ. ಒಮ್ಮೆ ಅವಸರಪಟ್ಟು ಒತ್ತಡವನ್ನು ತಟ್ಟನೆ ಬಿಟ್ಟೆ. ಒಳಗಿನ ರಸ ಭುಗಿಲೆಂದು ಕುದಿದು ಮಾಂಸ ಒಣಗಿ ನಾರಾಯಿತು. ತಾನಾಗಿಯೇ ಇಳಿಯಲು 20 ನಿಮಿಷ ಬಿಡಲೇಬೇಕು. ತರಕಾರಿಯನ್ನು ಆಮೇಲೆ ಬೇರೆಯಾಗಿ ಹಾಕಬೇಕು. ನನಗೆ ಒಗ್ಗದಿರುವುದು ನಡುವೆ ತೆಗೆದು ನೋಡಲಾಗದಿರುವುದು: ಒಂದು ತುಂಡಿಗೆ ಸಾಕಾದ ಹೊತ್ತು ಇನ್ನೊಂದಕ್ಕೆ ಸಾಲದು.

ಇನ್ನು ಓವನ್. 150 ಡಿಗ್ರಿಯಲ್ಲಿ ಮೂರರಿಂದ ಮೂರೂವರೆ ಗಂಟೆ. ಈರುಳ್ಳಿ, ಸೆಲರಿ, ಸ್ವಲ್ಪ ಟೊಮೆಟೊ ಪೇಸ್ಟ್ ಬಾಡಿಸಿ, ಕೆಂಪು ವೈನ್ ಸುರಿದು ತಳಕ್ಕೆ ಹಿಡಿದದ್ದನ್ನೆಲ್ಲ ಸೌಟಿನಿಂದ ಕೆರೆದು ಬಿಡಿಸುತ್ತೇನೆ. ಸಾರು ಮಾಂಸದ ಅರ್ಧದಷ್ಟು ಎತ್ತರಕ್ಕೆ ಬಂದರೆ ಸಾಕು. ಶಾಖ ಮೇಲಿನಿಂದಲೂ ತಾಗುವುದರಿಂದ ರಸದಿಂದ ಮೇಲೆ ನಿಂತ ಮಾಂಸ ಬೇಯುತ್ತಲೇ ಕಂದಾಗುತ್ತಾ ಹೋಗುತ್ತದೆ. ರಸ ನಿಧಾನವಾಗಿ ಇಂಗಿ ಪಾತ್ರೆಯ ಒಳಗೋಡೆಯಲ್ಲಿ ಕಪ್ಪನೆಯ ಅಂಚು ಕಟ್ಟುತ್ತದೆ. ಆ ಅಂಚನ್ನು ಕೆರೆದು ಗ್ರೇವಿಗೆ ಬೆರೆಸಿದಾಗ ಬರುವ ಆಳವಾದ ರುಚಿ ಉಳಿದೆರಡು ಪಾತ್ರೆಗಳಲ್ಲಿ ನನಗೆ ಒಮ್ಮೆಯೂ ಸಿಗಲಿಲ್ಲ. ಎರಡು ಗಂಟೆಯ ನಂತರ ತುಂಡನ್ನು ಮಗುಚಿ, ಕ್ಯಾರೆಟ್ ಮತ್ತು ಆಲೂಗಡ್ಡೆ ಸೇರಿಸುತ್ತೇನೆ. ಮಾಂಸ, ತರಕಾರಿ, ಗ್ರೇವಿ ಮೂರೂ ಒಟ್ಟಿಗೆ ಹದಕ್ಕೆ ಬರುತ್ತವೆ.

ಗ್ರೇವಿಯ ವ್ಯತ್ಯಾಸ ಮರುದಿನ ಫ್ರಿಜ್‌ನಲ್ಲಿ ಕಣ್ಣಿಗೇ ಕಾಣುತ್ತದೆ. ಮಾಂಸವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನ್ ಕರಗಿ, ತಣ್ಣಗಾದಾಗ ಹೆಪ್ಪುಗಟ್ಟುವ ಜೆಲಟಿನ್ ಆಗುವುದು ಮೂರರಲ್ಲೂ ಒಂದೇ. ಆದರೆ ಓವನ್‌ನ ಗ್ರೇವಿ ಚಮಚ ನಿಲ್ಲುವಂತೆ ಗಟ್ಟಿ ಜೆಲ್ಲಿಯಾಗಿತ್ತು, ಸ್ಲೋ ಕುಕ್ಕರ್‌ನದು ಪಾತ್ರೆ ಓರೆ ಮಾಡಿದರೆ ಹರಿಯುತ್ತಿತ್ತು. ತಣ್ಣಗಾದ ಮಾಂಸವನ್ನು ಎಳೆಗಳಿಗೆ ಅಡ್ಡವಾಗಿ ಕೊಯ್ದು ಆ ಜೆಲ್ಲಿಯಲ್ಲೇ ಬಿಸಿ ಮಾಡಿದರೆ ಮೊದಲ ದಿನಕ್ಕಿಂತ ರುಚಿ.

ಕಬ್ಬಿಣದ ಪಾತ್ರೆ ಭಾರ, ದುಬಾರಿ, ಬಿಸಿಯಿರುವಾಗ ತಣ್ಣೀರು ಸುರಿದರೆ ಎನಾಮಲ್ ಬಿರುಕು ಬಿಡಬಹುದು. ಅಷ್ಟು ಹಣ ಈಗ ಬೇಡವೆನ್ನುವವರು ಓವನ್‌ಗೆ ಹೊಂದುವ ಯಾವುದೇ ದಪ್ಪ ತಳದ ಪಾತ್ರೆಯ ಬಾಯಿಗೆ ಅಲ್ಯುಮಿನಿಯಂ ಹಾಳೆ ಬಿಗಿದು ಮುಚ್ಚಳ ಹಾಕಿದರೂ ನಡೆಯುತ್ತದೆ. ನಾನು ಇದನ್ನು ಮಾಡುವುದು ರಜೆಯ ದಿನ, ಮನೆಯಲ್ಲೇ ಇರುವಾಗ. ಚಳಿಯಲ್ಲಿ ಮೂರು ಗಂಟೆ ಅಡುಗೆಮನೆ ಬೆಚ್ಚಗಿರುವುದೂ ನನಗೆ ಬೇಕು. ಕೆಲಸದ ದಿನವಾದರೆ ಪ್ರೆಶರ್ ಕುಕ್ಕರ್ ತೆಗೆಯುತ್ತೇನೆ. ಸ್ಲೋ ಕುಕ್ಕರ್ ತಂಗಿಯ ಮನೆ ಸೇರಿದೆ. ಅವಳು ಬೆಳಿಗ್ಗೆ ಹೊರಟರೆ ರಾತ್ರಿಯೇ ಮರಳುವುದು, ತೆಳು ಗ್ರೇವಿಯನ್ನು ಸೂಪಿನಂತೆ ಬ್ರೆಡ್ ಅದ್ದಿ ತಿನ್ನುವುದೇ ಅವಳಿಗೆ ಇಷ್ಟ.