ಕೊಯ್ಲಿನ ಹೊತ್ತಿಗೆ ಹೊಸ ಸಾಫ್ಟ್‌ವೇರ್ ಹಾಕಿಸಬೇಡಿ

ಕುಶಾಲನಗರದ ಹತ್ತಿರ ಕಾಫಿ, ಕಾಳುಮೆಣಸು ಖರೀದಿಸುವ ಸಂಸ್ಥೆಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಿಮ್ಮ ಸಹಕಾರ ಸಂಘದಲ್ಲೋ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲೋ ಖರೀದಿ, ದಾಸ್ತಾನು, ಬಿಲ್ಲು ಎಲ್ಲವನ್ನೂ ಒಂದೇ ಸಾಫ್ಟ್‌ವೇರ್‌ಗೆ ತರುವ ಮಾತು ನಡೆದಿದ್ದರೆ, ಸಹಿ ಹಾಕುವ ಮೊದಲು ಇದನ್ನು ಓದಿ.

ಗೋದಾಮು ಖಾಲಿಯಿರುವ ಮಳೆಗಾಲದಲ್ಲಿ ಮುಗಿಯಬೇಕಿದ್ದ ಕೆಲಸ ನಮ್ಮದು. ದರದ ಚೌಕಾಸಿಯಲ್ಲೇ ತಿಂಗಳುಗಳು ಕಳೆದು, ಬೆಂಗಳೂರಿನಿಂದ ಸಾಫ್ಟ್‌ವೇರ್ ತಂಡ ಬಂದಾಗ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿದು ಅರೇಬಿಕಾ ಕಾಫಿ ಬರುತ್ತಿತ್ತು. ಜನವರಿಯಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಶುರುವಾದ ವಾರವೇ ಹಳೆಯ ಲೆಕ್ಕ ನಿಲ್ಲಿಸಿ ಹೊಸದನ್ನು ಚಾಲೂ ಮಾಡಿದೆವು. ಒಂದು ತಿಂಗಳಾದರೂ ಎರಡನ್ನೂ ಜೊತೆಗೆ ನಡೆಸಬೇಕೆಂದು ನಾನು ಕೇಳಿದೆ. ಎರಡು ಪಟ್ಟು ದುಡಿಮೆ ಯಾರಿಗೆ ಬೇಕು ಎಂದರು. ನಾನೂ ಸುಮ್ಮನಾದೆ, ಆಗ ಹಟ ಹಿಡಿಯಬೇಕಿತ್ತು.

ಮೊದಲ ದಿನವೇ ಔಟ್‌ಟರ್ನ್‌ನಲ್ಲಿ ಎಡವಿದೆವು. ಹಣ್ಣನ್ನು ಹಾಗೆಯೇ ಒಣಗಿಸಿದ ಚೆರಿ ಕಾಫಿಗೆ ಬರೀ ತೂಕ ನೋಡಿ ಹಣ ಕೊಡುವುದಿಲ್ಲ. 50 ಕಿಲೋ ಚೀಲದ ಒಣ ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಉಳಿಯುತ್ತದೆ ಎಂಬುದನ್ನು, ಅಂದರೆ ಔಟ್‌ಟರ್ನ್ ಅನ್ನು, ಸ್ಯಾಂಪಲ್‌ನಿಂದ ಲೆಕ್ಕ ಹಾಕಿ, ತೇವಾಂಶ ನೋಡಿ ಬೆಲೆ ಕಟ್ಟುತ್ತೇವೆ. 26 ಕಿಲೋ ಬಂದ ಚೀಲಕ್ಕೂ 28 ಕಿಲೋ ಬಂದ ಚೀಲಕ್ಕೂ ಒಂದೇ ಹಣ ಕೊಟ್ಟರೆ ಒಬ್ಬರಿಗೆ ಅನ್ಯಾಯ. ಸಾಫ್ಟ್‌ವೇರ್‌ಗೆ ಗೊತ್ತಿದ್ದದ್ದು ಕಿಲೋ ಮತ್ತು ದರ ಮಾತ್ರ. ಔಟ್‌ಟರ್ನ್ ಬರೆಯಲು ಜಾಗವೇ ಇರಲಿಲ್ಲ! ಅಗತ್ಯಗಳ ಪಟ್ಟಿ ತಯಾರಾದದ್ದು ಮಾಲೀಕರ ಕೋಣೆಯಲ್ಲಿ, ಎರಡು ಮಧ್ಯಾಹ್ನಗಳಲ್ಲಿ. ತೂಕದ ಮನೆಯಲ್ಲಿ ಲೆಕ್ಕ ಬರೆಯುವ ರೈಟರ್‌ನನ್ನು ಒಳಗೆ ಕರೆದಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದ.

ನೆಟ್ ಹೋದರೆ ತೂಕವೂ ನಿಲ್ಲುತ್ತಿತ್ತು, ಪಿಕಪ್‌ಗಳ ಸಾಲು ರಸ್ತೆಯವರೆಗೆ ಬರುತ್ತಿತ್ತು.

ಹೆಸರುಗಳ ಗೊಂದಲ ಇದಕ್ಕಿಂತ ನೋವಿನದು. ಕೊಡವರಲ್ಲಿ ಮನೆತನದ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಒಂದೇ ಮನೆತನದಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರು ಇರುತ್ತಾರೆ. ಹಳೆಯ ಪುಸ್ತಕದಲ್ಲಿ ಊರು ನೋಡಿ ಗುರುತಿಸುತ್ತಿದ್ದೆವು. ಮಾಹಿತಿ ವರ್ಗಾಯಿಸಿದವರು ಊರಿನ ಕಾಲಂ ಬಿಟ್ಟು, ಹೆಸರು ಒಂದೇ ಎಂದು ಖಾತೆಗಳನ್ನು ಸೇರಿಸಿಬಿಟ್ಟರು. ಬೆಳೆಗಾರರು ನಮ್ಮ ಗೋದಾಮಿನಲ್ಲಿ ಚೀಲ ಇರಿಸಿ, ಬೆಲೆ ಏರಿದಾಗ ಮಾರುತ್ತಾರೆ. ವಯಸ್ಸಾದ ಬೆಳೆಗಾರ್ತಿಯೊಬ್ಬರು ಇರಿಸಿದ್ದ 40 ಚೀಲ, ಕಂಪ್ಯೂಟರಿನಲ್ಲಿ ಇನ್ನೊಬ್ಬರ ಹೆಸರಿಗೆ ಮಾರಾಟವಾಗಿತ್ತು. "ನನ್ನ ಕಾಫಿ ಎಲ್ಲಿ ಹೋಯಿತಪ್ಪ?" ಎಂದು ಅವರು ಕೌಂಟರಿನ ಮುಂದೆ ನಿಂತು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಕೈಯಲ್ಲಿ ತೂಕದ ಚೀಟಿ ಇದ್ದುದರಿಂದ ಹಣ ಸಿಕ್ಕಿತು. ಚೀಟಿ ಕಳೆದುಕೊಂಡವರ ಪಾಡು ಏನಾಗುತ್ತಿತ್ತೋ.

ತಂಡದವರಿಗೆ ಅಷ್ಟರಲ್ಲಿ ಬಹುಪಾಲು ಹಣ ಸಂದಾಯವಾಗಿತ್ತು. ಫೋನ್ ಎತ್ತುವುದು ಕಡಿಮೆಯಾಯಿತು. ನಮ್ಮ ಮಾಹಿತಿ ಅವರ ಸರ್ವರ್‌ನಲ್ಲಿತ್ತು, ಅದನ್ನು ನಮಗೆ ಮರಳಿಸಬೇಕೆಂಬ ಷರತ್ತು ಒಪ್ಪಂದದಲ್ಲಿ ಇರಲಿಲ್ಲ. ಇದೊಂದನ್ನಾದರೂ ನೀವು ಬರೆಸಿಕೊಳ್ಳಿ. ಕೊನೆಯ ಕಂತನ್ನು ಒಂದು ಪೂರ್ತಿ ಕೊಯ್ಲು ಮುಗಿಯುವವರೆಗೆ ತಡೆಹಿಡಿಯಿರಿ.

ಈ ಮಳೆಗಾಲದಲ್ಲಿ ಬೇರೆಯವರಿಂದ ಮತ್ತೆ ಮಾಡಿಸುತ್ತಿದ್ದೇವೆ. ಹಳೆಯ ಲೆಕ್ಕ ನಿಲ್ಲಿಸುವ ಮೊದಲಿನ ಚೀಟಿಗಳನ್ನು ಒಂದೊಂದಾಗಿ ರೈಟರ್ ತನ್ನ ಕೈಯಿಂದಲೇ ತುಂಬಿಸಿ, ಹಳೆಯ ಪುಸ್ತಕದ ಮೊತ್ತಕ್ಕೆ ಹೋಲಿಸುತ್ತಿದ್ದಾನೆ. ಆ ಬೆಳೆಗಾರ್ತಿ ಮಾತ್ರ ಈಗ ಕಾಫಿಯನ್ನು ಗೋಣಿಕೊಪ್ಪಲಿಗೆ ಕಳುಹಿಸುತ್ತಾರೆ.